ಗಾಡಿ ಕೆಳಗಿನ ನಾಯಿ



ಕಳೆದ ಸಲ ಬಳಗದವರೆಲ್ಲ ಸೇರಿದ್ದಾಗ, ಉಪ್ಪಿಟ್ಟು ಕಾಫಿ ಮುಗಿದು ಕವಿತೆ ಓದು ಇನ್ನೂ ಶುರುವಾಗದ ಆ ಹತ್ತು ನಿಮಿಷದಲ್ಲಿ, ಹಿರಿಯರೊಬ್ಬರು ನಮ್ಮನ್ನು ಹಿಡಿದು ನಿಲ್ಲಿಸಿದರು. "ಏನ್ರೀ, ಎರಡು ನಾಯಿ ಕಟ್ಟಿಕೊಂಡು ಅದ್ಯಾವುದೋ ಮನೆಯಂಥ ವ್ಯಾನಿನಲ್ಲಿ ಕ್ಯಾಮರಾನ್ ಬೆಟ್ಟ ಹತ್ತಿ ಬಂದಿರಂತೆ? ಈ ಹುಚ್ಚು ನಿಮಗೆ ಯಾಕೆ ಹಿಡಿಯಿತು? ಅಸಲಿಗೆ ಇದನ್ನು ಶುರು ಮಾಡಿದವರು ಯಾರು?"

ಮೊದಲ ಪ್ರಶ್ನೆಗೆ ಅಲ್ಲಿ ನಕ್ಕು ಸುಮ್ಮನಾದೆವು. ಎರಡನೆಯದು ಚರಿತ್ರೆಯ ಪ್ರಶ್ನೆ. ಮನೆಗೆ ಬಂದು ಅದರ ಬೆನ್ನು ಹತ್ತಿದೆವು. ಹುಡುಕುತ್ತ ಹೋದ ಹಾಗೆ ಇಂಗ್ಲೆಂಡು, ಅಮೆರಿಕ, ಮಲಯಾ ಎಲ್ಲ ಸುತ್ತಿ ಕೊನೆಗೆ ಬಂದು ನಿಂತದ್ದು ಮಂಡ್ಯ ಜಿಲ್ಲೆಯ ಒಂದು ಕಲ್ಲಿನ ಮುಂದೆ. ಅಲ್ಲಿ ಮೊದಲ ಪ್ರಶ್ನೆಯ ಉತ್ತರವೂ ಸಿಕ್ಕಿತು. ಅದಕ್ಕೇ ಈ ಬರಹ.

(ನಾವು ಅಂದರೆ ಗಂಡ ಹೆಂಡತಿ ಇಬ್ಬರೂ. ಕೀಬೋರ್ಡು ಕುಟ್ಟುವವರು ಒಬ್ಬರು, ಹಿಂದೆ ನಿಂತು ತಪ್ಪು ಹಿಡಿಯುವವರು ಇನ್ನೊಬ್ಬರು. ಒಬ್ಬರು ಬೆಂಗಳೂರಿನವರು, ಇನ್ನೊಬ್ಬರು ಮದ್ದೂರಿನ ಕಡೆಯವರು. ಯಾರು ಯಾರೆಂದು ಬಳಗದವರಿಗೆ ಗೊತ್ತೇ ಇದೆ.)

ಬೆಟ್ಟದ ಮೇಲೆ ಒಂದು ರಾತ್ರಿ

ಮೊದಲು ಪ್ರವಾಸದ ಕಥೆ ಚುಟುಕಾಗಿ ಹೇಳಿಬಿಡುತ್ತೇವೆ.

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಗುಂಡನಿಗೆ ಹದಿಮೂರು ವರ್ಷ, ಚುಕ್ಕಿಗೆ ನಾಲ್ಕು. ಎರಡೂ ಸುಬಾಂಗ್ ಜಯಾದ ಬೀದಿಯಲ್ಲೇ ಹುಟ್ಟಿದವು; ಕುಲಗೋತ್ರ ಕೇಳಬೇಡಿ. ಗುಂಡನ ಹಿಂಗಾಲು ಸೋಲುತ್ತ ಬಂದಿತ್ತು. "ಚಳಿ ಗಾಳಿ ಅಂದರೆ ಏನು ಅಂತ ಇವನು ಒಂದು ಸಲವಾದರೂ ನೋಡಲಿ" ಎಂಬ ಮಾತು ಮನೆಯಲ್ಲಿ ಬಂತು. ಆದರೆ ನಾಯಿಗೆ ಜಾಗ ಕೊಡುವ ಹೋಟೆಲು ಸಿಗಬೇಕಲ್ಲ! ಫೋನ್ ಮಾಡಿದ ಕಡೆಯಲ್ಲೆಲ್ಲ "ಸಾರಿ" ಎಂಬ ಉತ್ತರ. ಕೊನೆಗೆ ಪರಿಚಯದವರೊಬ್ಬರ ಮೂಲಕ ಒಂದು ಮೋಟಾರ್ ಹೋಮ್ ಬಾಡಿಗೆಗೆ ಸಿಕ್ಕಿತು. ಒಳಗೆ ಎರಡು ಮಂಚ, ಒಂದು ಒಲೆ, ಮೊಣಕೈ ಆಡಿಸಲು ಜಾಗವಿಲ್ಲದ ಬಚ್ಚಲು. 2024ರ ಆಗಸ್ಟ್ ಕೊನೆಯ ವಾರ ಹೊರಟೆವು. ಪಕ್ಕದ ಮನೆಯ ಮಲಯ್ ದಂಪತಿ ಮುಸ್ಲಿಮರು, ನಾಯಿಯನ್ನು ಮುಟ್ಟುವವರಲ್ಲ. ಆದರೂ ಆ ಬೆಳಿಗ್ಗೆ ಗೇಟಿನ ಆಚೆಯಿಂದಲೇ ಗುಂಡನ ಕಾಲು ಹೇಗಿದೆ ಎಂದು ವಿಚಾರಿಸಿ, ದಾರಿಗೆಂದು ಒಂದು ಡಬ್ಬಿ ತಿಂಡಿ ಕೊಟ್ಟರು.

ಉತ್ತರದ ಹೆದ್ದಾರಿ ಹಿಡಿದು ತಾಪಾ ವರೆಗೆ ಹೋಗಿ, ಅಲ್ಲಿಂದ 59ನೇ ನಂಬರಿನ ಹಳೆಯ ಘಾಟಿ ರಸ್ತೆ ಹಿಡಿದೆವು. ಲಾತಾ ಇಸ್ಕಂದರ್ ಜಲಪಾತದ ಹತ್ತಿರ ಒಂದು ನಿಲುಗಡೆ. ಚುಕ್ಕಿ ನೀರು ನೋಡಿ ಬೊಗಳಿತು, ಗುಂಡ ನೀರು ನೋಡಿ ನಿದ್ದೆ ಮಾಡಿದ. ರಿಂಗ್ಲೆಟ್ ದಾಟಿದ ಮೇಲೆ ಚಹಾ ತೋಟಗಳು. ಗುಡ್ಡಕ್ಕೆ ಹಸಿರು ಕಂಬಳಿ ಹೊದಿಸಿ ಯಾರೋ ಬೆರಳಿನಲ್ಲಿ ಗೆರೆ ಎಳೆದ ಹಾಗೆ. ನಮ್ಮಲ್ಲಿ ಒಬ್ಬರಿಗೆ ಬಾಬಾಬುಡನಗಿರಿ ನೆನಪಾಯಿತು, ಇನ್ನೊಬ್ಬರಿಗೆ ಊಟಿ. ಈ ವಿಷಯದಲ್ಲಿ ವಾದ ನಡೆಯಿತು, ಬಗೆಹರಿಯಲಿಲ್ಲ.

ತಾನಾ ರಾತಾ ಹತ್ತಿರ ತರಕಾರಿ ಬೆಳೆಗಾರರೊಬ್ಬರ ಜಾಗದಲ್ಲಿ, ಅವರನ್ನು ಕೇಳಿ, ರಾತ್ರಿ ಗಾಡಿ ನಿಲ್ಲಿಸಿದೆವು. ಚಳಿ ಚೆನ್ನಾಗಿತ್ತು. ಒಳಗೆ ಗುಂಡನಿಗಾಗಿಯೇ ಹಾಸಿಗೆ ಹಾಸಿದ್ದೆವು. ಆತ ಒಳಗೆ ಬರಲೊಲ್ಲ! ಎತ್ತಿ ತಂದು ಮಲಗಿಸಿದರೆ ಎದ್ದು ಹೋದ. ಕೊನೆಗೆ ಟಾರ್ಚು ಹಿಡಿದು ನೋಡಿದರೆ ಗಾಡಿಯ ಕೆಳಗೆ, ಎರಡು ಹಿಂಗಾಲಿಗಳ ನಡುವೆ, ಮುಖ ರಸ್ತೆಯ ಕಡೆ ಮಾಡಿ ಮಲಗಿದ್ದಾನೆ.

"ನಮ್ಮ ತಾತನ ಗಾಡಿ ಕೆಳಗೂ ಹೀಗೇ ಒಂದು ನಾಯಿ ಮಲಗುತ್ತಿತ್ತು" ಎಂದಿತು ಮದ್ದೂರಿನ ದನಿ. ಅಲ್ಲಿಂದ ಶುರುವಾಯಿತು.

ಕಮಾನು ಗಾಡಿಯೂ ಮೋಟಾರ್ ಹೋಮೇ

ಯೋಚಿಸಿ ನೋಡಿ. ಮೇಲುಕೋಟೆಯ ವೈರಮುಡಿಗೋ ಮುಡುಕುತೊರೆ ಜಾತ್ರೆಗೋ ನಮ್ಮ ಅಜ್ಜ ಅಜ್ಜಿಯರು ಹೋಗುತ್ತಿದ್ದುದು ಹೇಗೆ? ಗಾಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ, ಹುಲ್ಲಿನ ಮೇಲೆ ಜಮಖಾನ. ಒಂದು ಮೂಲೆಯಲ್ಲಿ ಬುತ್ತಿಗಂಟು, ಪಾತ್ರೆ, ಅಕ್ಕಿ, ಹುರುಳಿ. ಅಚ್ಚಿನ ಬಳಿ ಲಾಂದ್ರ. ರಾತ್ರಿಯಾದರೆ ತೋಪಿನಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ ಅಡುಗೆ. ಹೆಂಗಸರು ಮಕ್ಕಳು ಗಾಡಿ ಒಳಗೆ, ಗಂಡಸರು ಗಾಡಿ ಪಕ್ಕ, ನಾಯಿ ಗಾಡಿ ಕೆಳಗೆ. ಹಗಲು ಗಾಡಿ ನಡೆಯುವಾಗಲೂ ಬಿಸಿಲಿಗೆ ನಾಯಿ ಗಾಡಿಯ ನೆರಳಿನಲ್ಲೇ, ಗಾಲಿಗಳ ನಡುವೆಯೇ ನಡೆಯುವುದು. ಇಡೀ ಗಾಡಿಯನ್ನು ತಾನೇ ಎಳೆಯುತ್ತಿದ್ದೇನೆ ಎಂದು ಆ ನಾಯಿ ತಿಳಿದುಕೊಂಡಿತ್ತಂತೆ ಎಂದು ನಾವೆಲ್ಲ ಜಂಭದವರನ್ನು ಆಡಿಕೊಳ್ಳುತ್ತೇವಲ್ಲ, ಆ ತಮಾಷೆ ಹುಟ್ಟಿದ್ದು ಈ ನೋಟದಿಂದಲೇ.

ಉತ್ತರ ಕರ್ನಾಟಕದ ಕಡೆ ಹೋದರೆ ಗಾಡಿಯೂ ಇಲ್ಲದ ಸಂಸಾರಗಳಿವೆ. ಬೆಳಗಾವಿ, ಬಾಗಲಕೋಟೆ ಕಡೆಯ ಕುರಿಗಾಹಿಗಳು ವರ್ಷದಲ್ಲಿ ಹಲವು ತಿಂಗಳು ಹಿಂಡಿನ ಹಿಂದೆ ಊರೂರು ಸುತ್ತುತ್ತಾರೆ. ಗಂಡ, ಹೆಂಡತಿ, ಕೈಗೂಸು. ಕುದುರೆಯ ಬೆನ್ನ ಮೇಲೆ ಕಂಬಳಿ, ಪಾತ್ರೆ, ಕೋಳಿ; ಹಿಂಡಿನ ಸುತ್ತ ನಾಯಿಗಳು. ರಾತ್ರಿ ಯಾರದೋ ಹೊಲದಲ್ಲಿ ಮಂದೆ ಹಾಕುತ್ತಾರೆ. ಹೊಲಕ್ಕೆ ಗೊಬ್ಬರವಾಗುತ್ತದೆ, ಇವರಿಗೆ ಕಾಳೋ ಕಾಸೋ ಸಿಗುತ್ತದೆ. ತೋಳ ಬಂದರೆ ಮೊದಲು ಏಳುವುದು ನಾಯಿ. ಗಂಡ, ಹೆಂಡತಿ, ನಾಯಿ, ಬಯಲು, ಗುಡ್ಡ, ನಕ್ಷತ್ರ: ನಾವು ದುಡ್ಡು ಕೊಟ್ಟು ಮೂರು ದಿನ ಕೊಂಡದ್ದು ಅವರಿಗೆ ಬದುಕು. ಅಲ್ಲಿಯದೇ ಮುಧೋಳದ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. ಕುರಿಗಾಹಿ ದಂಪತಿ ಬರಲಿಲ್ಲ.

ಅಂದಮೇಲೆ "ಇದನ್ನು ಶುರು ಮಾಡಿದವರು ಯಾರು" ಎಂಬ ಪ್ರಶ್ನೆಗೆ ಉತ್ತರ ಸುಲಭ: ಎಲ್ಲರೂ! ಹಾಗಿದ್ದರೆ ಪುಸ್ತಕಗಳಲ್ಲಿ ಬೇರೆ ಹೆಸರು ಯಾಕಿದೆ? ಬರೆದಿಟ್ಟವನು ಅವನಾದ್ದರಿಂದ.

1885: ಎರಡು ಪ್ರಯಾಣ

ಆ ಹೆಸರು ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಸ್ಕಾಟ್ಲೆಂಡಿನವನು, ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದವನು, ನಿವೃತ್ತಿಯ ಮೇಲೆ ಹುಡುಗರಿಗಾಗಿ ಸಾಹಸ ಕಥೆಗಳನ್ನೂ ನಾಯಿ ಬೆಕ್ಕುಗಳ ಮೇಲೆ ಪುಸ್ತಕಗಳನ್ನೂ ಬರೆದವನು. ಜಿಪ್ಸಿಗಳು ಗಾಡಿಯಲ್ಲೇ ಸಂಸಾರ ಮಾಡುವುದನ್ನು ಕಂಡು ಅವನಿಗೂ ಆಸೆಯಾಯಿತು. ಬ್ರಿಸ್ಟಲ್‌ನ ಕಾರ್ಖಾನೆಯೊಂದರಲ್ಲಿ ಮಹಾಗನಿ ಮರದ ಒಂದು ಗಾಲಿಮನೆ ಕಟ್ಟಿಸಿದ. ಹೆಸರು 'ವಾಂಡರರ್', ಅಂದರೆ ಅಲೆಮಾರಿ. ಎಳೆಯಲು ಎರಡು ಕುದುರೆ. 1885ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಟ್ವೈಫರ್ಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿಗೆ ಹೊರಟ. ಬಿಡುವಿನ ಸಂತೋಷಕ್ಕೆಂದೇ ಕಟ್ಟಿಸಿದ ಮೊದಲ ಗಾಲಿಮನೆ ಇದು ಎಂದು ಆ ಹವ್ಯಾಸದವರು ಹೇಳುತ್ತಾರೆ. 1907ರಲ್ಲಿ ಅಲ್ಲಿ ಕ್ಯಾರವಾನ್ ಕ್ಲಬ್ ಶುರುವಾದಾಗ ಇವನನ್ನು ಉಪಾಧ್ಯಕ್ಷನನ್ನಾಗಿ ಮಾಡಿದರು.

ಜೊತೆಗೆ ಯಾರು ಯಾರಿದ್ದರು? ಗಾಡಿ ಹೊಡೆಯುವ ಜಾನ್. ಅಡುಗೆ, ಆರೈಕೆ ಎಲ್ಲ ನೋಡಿಕೊಳ್ಳುವ ಫೋಲಿ. ಒಂದು ಕಾಕಟೂ ಗಿಣಿ. ಮತ್ತೆ ಹರಿಕೇನ್ ಬಾಬ್ ಎಂಬ ದೊಡ್ಡ ನ್ಯೂಫೌಂಡ್‌ಲೆಂಡ್ ನಾಯಿ. ಇಕ್ಕಟ್ಟಾದ ರಸ್ತೆಗಳಲ್ಲಿ ಫೋಲಿ ಮೂರು ಚಕ್ರದ ಸೈಕಲ್ಲಿನಲ್ಲಿ ಮುಂದೆ ಹೋಗಿ, ದೊಡ್ಡ ಗಾಡಿ ಬರುತ್ತಿದೆ, ಜಾಗ ಬಿಡಿ ಎಂದು ಹೇಳಬೇಕಿತ್ತು. ಸ್ಟೇಬಲ್ಸ್‌ನದು ಒಳ್ಳೆಯ ಮನಸ್ಸು ಅನ್ನಬೇಕು. ಮರುವರ್ಷ ಬಂದ ಪುಸ್ತಕದಲ್ಲಿ ಕುದುರೆಗಳ ಹೆಸರು ಕೂಡ ಬಿಡದೆ ಎಲ್ಲವನ್ನೂ ಬರೆದಿಟ್ಟ. ಇಲ್ಲದಿದ್ದರೆ ಬಾಬ್ ಎಂಬ ನಾಯಿಯ ಸುದ್ದಿ ಸುಬಾಂಗ್ ಜಯಾದ ವರೆಗೆ ಬರುತ್ತಿರಲಿಲ್ಲ.

ಈಗ ಕಾಕತಾಳೀಯ ಕೇಳಿ. ಅದೇ 1885ರಲ್ಲಿ ಇಲ್ಲಿ ಮಲಯಾದಲ್ಲಿ ವಿಲಿಯಂ ಕ್ಯಾಮರಾನ್ ಎಂಬ ಇನ್ನೊಬ್ಬ ವಿಲಿಯಂ, ಸರ್ವೇಯರು, ಕಾಡು ಹತ್ತಿ ಹೊರಟಿದ್ದ. ಎತ್ತರದಲ್ಲಿ ತಂಪಾದ ವಿಶಾಲ ಪ್ರಸ್ಥಭೂಮಿಯೊಂದನ್ನು ಕಂಡೆ ಎಂದು ವರದಿ ಮಾಡಿದ. ಆದರೆ ಕಂಡ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಲಿಲ್ಲ! (ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಪ್ರೋಗ್ರಾಮು ಬರೆದು, ಒಂದು ಸಾಲು ವಿವರಣೆ ಬರೆಯದೆ ಕೆಲಸ ಬಿಟ್ಟು ಹೋಗುವವರು ನಮ್ಮಲ್ಲೂ ಇದ್ದಾರೆ.) 1925ರಲ್ಲಿ ಜಾರ್ಜ್ ಮ್ಯಾಕ್ಸ್‌ವೆಲ್ ಎಂಬ ಅಧಿಕಾರಿ ಹತ್ತಿ ನೋಡಿ ಇಲ್ಲಿ ಗಿರಿಧಾಮ ಮಾಡಬಹುದು ಎಂದ ಮೇಲೆಯೇ ರಸ್ತೆ ಬಂದದ್ದು, ಚಹಾ ಬಂದದ್ದು. ಬೋ ಕಂಪನಿಯ ತೋಟ 1929ರದು.

ಕ್ಯಾಮರಾನ್ ಒಬ್ಬನೇ ಹೋಗಿರಲಿಲ್ಲ. ಅವನ ಅನೇಕ ಶೋಧಯಾತ್ರೆಗಳಲ್ಲಿ ಜೊತೆಗಿದ್ದವನು ಕುಲೋಪ್ ರಿಯಾವ್ ಎಂಬ ಮಲಯ್ ವೀರ. ಇನ್ನು ಆ ಬೆಟ್ಟಗಳಲ್ಲಿ ತಲೆತಲಾಂತರದಿಂದ ಇದ್ದ ಸೆಮೈ ಮೊದಲಾದ ಒರಾಂಗ್ ಅಸ್ಲಿ ಜನರಿಗೆ ಅದನ್ನು ಯಾರೂ "ಕಂಡುಹಿಡಿದು" ಕೊಡಬೇಕಾಗಿರಲಿಲ್ಲ. ಬೆಟ್ಟಕ್ಕೆ ಬಿದ್ದ ಹೆಸರು ಮಾತ್ರ ಕ್ಯಾಮರಾನ್ ಒಬ್ಬನದು.

ದೂರ ಯಾಕೆ ಹೋಗಬೇಕು, ನಮ್ಮ ಕಾಲ ಕೆಳಗೆ ನೋಡಿದರೆ ಸಾಕು. ಸುಬಾಂಗ್ ಜಯಾ ಇರುವುದು ಸೀಫೀಲ್ಡ್ ಎಂಬ ರಬ್ಬರ್ ಎಸ್ಟೇಟಿನ ಮೇಲೆ. 1970ರ ದಶಕದಲ್ಲಿ ತೋಟ ಕಡಿದು ಮನೆ ಕಟ್ಟಲು ಶುರು ಮಾಡಿದರು. 2020ರಲ್ಲಿ ಮಹಾನಗರವೆಂಬ ಪಟ್ಟವೂ ಸಿಕ್ಕಿತು. ಬೆಳಗಿನ ಜಾವ ಎದ್ದು ಹಾಲು ಇಳಿಸುತ್ತಿದ್ದ ತೋಟದ ಕೆಲಸಗಾರರ ಹೆಸರು ನಮ್ಮ ಯಾವ ಬೀದಿಗೂ ಇಲ್ಲ. ನಮ್ಮ ಬೀದಿಗಳಿಗೆ ಹೆಸರಿಗಿಂತ ನಂಬರುಗಳೇ ಹೆಚ್ಚು.

ಬರೆದವರು ಬಿಟ್ಟದ್ದು

ನಾಯಿ ಜೊತೆಗಿನ ಗಾಲಿಮನೆ ಎಂದ ಕೂಡಲೇ ಬಳಗದ ಓದುಗರಿಗೆ ನೆನಪಾಗುವುದು ಜಾನ್ ಸ್ಟೈನ್‌ಬೆಕ್. 1960ರಲ್ಲಿ, ಐವತ್ತೆಂಟರ ವಯಸ್ಸಿನಲ್ಲಿ, ಪಿಕಪ್ ಟ್ರಕ್ಕಿನ ಮೇಲೆ ಒಂದು ಪುಟ್ಟ ಮನೆ ಕೂರಿಸಿ, ಅದಕ್ಕೆ ಡಾನ್ ಕಿಹೋಟೆಯ ಕುದುರೆಯ ಹೆಸರಿಟ್ಟು, ಚಾರ್ಲಿ ಎಂಬ ಪೂಡಲ್ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಮೆರಿಕ ಸುತ್ತಿದ. 1962ರಲ್ಲಿ 'ಟ್ರಾವೆಲ್ಸ್ ವಿತ್ ಚಾರ್ಲಿ' ಬಂತು, ಅದೇ ವರ್ಷ ನೊಬೆಲ್ ಕೂಡ ಬಂತು. ಒಂಟಿ ಲೇಖಕ, ಒಂದು ನಾಯಿ, ಉದ್ದನೆಯ ರಸ್ತೆ. ಇದನ್ನು ಓದಿ ಗಾಡಿ ಹತ್ತಿದವರು ಎಷ್ಟು ಜನವೋ!

ಆದರೆ 2010ರಲ್ಲಿ ಪತ್ರಕರ್ತನೊಬ್ಬ ಅದೇ ದಾರಿ ಹಿಡಿದು ಹೋಗಿ, ಹಸ್ತಪ್ರತಿ ಪತ್ರಗಳನ್ನೆಲ್ಲ ತಿರುವಿ ನೋಡಿ, ಬೇರೆಯೇ ಲೆಕ್ಕ ಕೊಟ್ಟ. ಆ ಪ್ರವಾಸದ ಎಷ್ಟೋ ರಾತ್ರಿಗಳು ಕಳೆದದ್ದು ಹೋಟೆಲುಗಳಲ್ಲಿ. ಎಷ್ಟೋ ದಿನ ಹೆಂಡತಿ ಎಲೈನ್ ಜೊತೆಗೇ ಇದ್ದಳು. ಅಚ್ಚಾದ ಪುಸ್ತಕದಲ್ಲಿ ಮಾತ್ರ ಅವಳು ಅಲ್ಲೊಮ್ಮೆ ಇಲ್ಲೊಮ್ಮೆ ಹಣಕಿ ಹೋಗುತ್ತಾಳೆ. ಇದನ್ನು ಓದಿ ಹೇಳಿದಾಗ ನಮ್ಮ ಮನೆಯಲ್ಲಿ ಬಂದ ಪ್ರತಿಕ್ರಿಯೆ: "ಸರಿಹೋಯ್ತು. ನಾಯಿಗೆ ಪುಸ್ತಕ, ಹೆಂಡತಿಗೆ ಅಡಿಟಿಪ್ಪಣಿ." (ಈ ಲೇಖನ 'ನಾವು' ಎಂದು ಬರೆಯಲ್ಪಡುತ್ತಿರುವುದಕ್ಕೆ ಕಾರಣ ಈಗ ತಿಳಿಯಿತಲ್ಲವೆ?)

ಸ್ಟೇಬಲ್ಸ್ ನಾಯಿ, ಕುದುರೆ, ಆಳುಗಳನ್ನೆಲ್ಲ ಬರೆದ. ಸ್ಟೈನ್‌ಬೆಕ್ ನಾಯಿಯನ್ನು ಇಟ್ಟುಕೊಂಡು ಹೆಂಡತಿಯನ್ನು ಬಹುಪಾಲು ಬಿಟ್ಟ. ಕ್ಯಾಮರಾನ್ ಜಾಗವನ್ನೇ ಗುರುತು ಹಾಕಲಿಲ್ಲ. ಪ್ರಯಾಣದ ಚರಿತ್ರೆ ಎಂದರೆ ಯಾರು ಎಲ್ಲಿಗೆ ಹೋದರು ಎಂಬುದಷ್ಟೇ ಅಲ್ಲ. ಜೊತೆಗೆ ಹೋದವರಲ್ಲಿ ಯಾರನ್ನು ಬರೆದರು, ಯಾರನ್ನು ಬಿಟ್ಟರು ಎಂಬುದೂ ಹೌದು ಎಂದು ನಮಗೆ ಇಷ್ಟು ಹೊತ್ತಿಗೆ ಅನ್ನಿಸತೊಡಗಿತ್ತು. ಹಾಗಾದರೆ ನಮ್ಮವರು ಏನು ಮಾಡಿದರು?

ಇಂದ್ರನ ರಥ ಮತ್ತು ಆತಕೂರಿನ ಕಲ್ಲು

ನಮ್ಮವರ ನಾಯಿ ಪ್ರಯಾಣ ಎಂದರೆ ಮೊದಲು ಬರುವುದು ಧರ್ಮರಾಯನದು. ಮಹಾಪ್ರಸ್ಥಾನದಲ್ಲಿ ದ್ರೌಪದಿ ಮೊದಲು ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು, ಕೊನೆಯ ವರೆಗೆ ಬಂದದ್ದು ನಾಯಿ. ಇಂದ್ರ ರಥ ತಂದು ನಿಲ್ಲಿಸಿ ನಾಯಿಗೆ ಜಾಗವಿಲ್ಲ ಎಂದ. ನಮ್ಮ ಹೋಟೆಲಿನವರ ಹಾಗೆಯೇ! ನಾಯಿಯನ್ನು ಬಿಟ್ಟು ಬರುವುದಾದರೆ ಸ್ವರ್ಗವೂ ಬೇಡ ಎಂದ ಧರ್ಮರಾಯ. (ಕುಮಾರವ್ಯಾಸನಲ್ಲಿ ಈ ಕಥೆ ಹುಡುಕಬೇಡಿ, ಆತ ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದ.) ಕಥೆ ದೊಡ್ಡದೇ. ಆದರೆ ಕೊನೆಯಲ್ಲಿ ಆ ನಾಯಿ ನಾಯಿಯಲ್ಲ, ಸಾಕ್ಷಾತ್ ಧರ್ಮದೇವತೆ ಎಂದು ತಿಳಿಯುತ್ತದೆ. ನಾಯಿ ನಾಯಿಯಾಗಿಯೇ ಉಳಿದಿದ್ದರೆ ಕಥೆಯಲ್ಲಿ ಅದಕ್ಕೆ ಜಾಗ ಇರುತ್ತಿತ್ತೋ ಇಲ್ಲವೋ.

ನಾಯಿ ನಾಯಿಯಾಗಿಯೇ ಉಳಿದ ಒಂದು ಬರಹ ನಮ್ಮಲ್ಲಿದೆ. ಅದು ಕಾವ್ಯವಲ್ಲ, ಶಾಸನ. ಮದ್ದೂರು ತಾಲೂಕಿನ ಆತಕೂರು, ಈಗಿನ ಹೆಸರು ಆತಗೂರು. ಅಲ್ಲಿ ಸಿಕ್ಕ ಹಳಗನ್ನಡದ ಕಲ್ಲು, ಕ್ರಿ.ಶ. 949-50ರದು. ರೈಸ್ ಮತ್ತು ಫ್ಲೀಟ್ ಇಬ್ಬರೂ ಓದಿ ಅಚ್ಚು ಹಾಕಿಸಿದ್ದಾರೆ. ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದ್ದು.

ಹಿನ್ನೆಲೆ ಇದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ಚೋಳರ ಮೇಲೆ ಏರಿ ಹೋದ. ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಯುದ್ಧವಾಗಿ ಚೋಳ ರಾಜಕುಮಾರ ರಾಜಾದಿತ್ಯ ಸತ್ತ. (ಪೆಟ್ಟು ತಿಂದ ಚೋಳರು ಚೇತರಿಸಿಕೊಂಡು, 1025ರ ಹೊತ್ತಿಗೆ ಹಡಗು ಕಟ್ಟಿ ಕಡಾರಕ್ಕೆ, ಅಂದರೆ ನಾವಿರುವ ಈ ದೇಶದ ಕೆಡಾಕ್ಕೇ ದಂಡೆತ್ತಿ ಬಂದರು. ಪ್ರಪಂಚ ಸಣ್ಣದು.) ತಕ್ಕೋಲದ ಗೆಲುವಿನ ದೊಡ್ಡ ಪಾಲು ಕೃಷ್ಣನ ಭಾವ, ಗಂಗರ ಇಮ್ಮಡಿ ಬೂತುಗನದು. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು, ಹೀಗೆ ನಾಡುಗಳನ್ನೇ ಕೊಟ್ಟ.

ಬೂತುಗನ ಕೈಕೆಳಗೆ ಮಣಲೆರ ಎಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ ಬೂತುಗ, ಏನು ಬೇಕೋ ಕೇಳು ಎಂದ. ನಾಡು ನಾಡುಗಳೇ ಕೈ ಬದಲಾಯಿಸುತ್ತಿದ್ದ ಸಮಯ. ಮಣಲೆರ ಕೇಳಿದ್ದು ಬೂತುಗನ ಬೇಟೆನಾಯಿಯನ್ನು. ಹೆಸರು ಕಾಳಿ. ಮಣಲೆರನಿಗೆ ಆತಕೂರು ಹನ್ನೆರಡು ಮತ್ತು ಬೆಳ್ವೊಲದ ಒಂದು ಊರು ಸಿಕ್ಕವು ಎಂಬುದೂ ಅದೇ ಕಲ್ಲಿನಲ್ಲಿದೆ. ಆದರೆ ಬಾಯಿಬಿಟ್ಟು ಕೇಳಿದ್ದು ನಾಯಿಯನ್ನು.

ಕಾಳಿ ಹೊಸ ಯಜಮಾನನ ಜೊತೆ ಬಂತು. ಕೆಳಲೆ ನಾಡಿನ ಬೆಳತೂರಿನ ಗುಡ್ಡದಲ್ಲಿ ಒಂದು ಭಾರಿ ಹಂದಿಯ ಮೇಲೆ ಅದನ್ನು ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದರು. ಅದರ ಮೇಲೆ ನಾಯಿ ಹಂದಿಗಳು ಕಾದಾಡುವ ಚಿತ್ರ. ಕಲ್ಲಿನ ಪೂಜೆಗೆಂದು ಕೆರೆಯ ಕೆಳಗೆ ಭೂಮಿ ಬಿಟ್ಟರು. ಆ ಭೂಮಿ ಉಣ್ಣುವ ಗೊರವ, ಅಂದರೆ ಗುಡಿಯ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪಕ್ಕೆ ಗುರಿಯಾಗುತ್ತಾನೆ ಎಂಬ ಎಚ್ಚರಿಕೆಯನ್ನೂ ಕೆತ್ತಿಸಿದರು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ಕೊನೆಯ ಮಾತು. ದುಃಖವಾಯಿತು, ಕಲ್ಲು ನೆಟ್ಟೆ, ಮುಗಿಯಿತು ಎಂದು ಮಣಲೆರ ಬಿಡಲಿಲ್ಲ. ದಿನಾ ಒಬ್ಬರು, ಊಟಕ್ಕೆ ಮೊದಲು, ನೆನೆಯಬೇಕು. ನೆನೆಯುವವನ ಹೊಟ್ಟೆಪಾಡಿಗೆ ಹೊಲವೂ ಇರಬೇಕು. ಎರಡು ಸಾಮ್ರಾಜ್ಯಗಳ ಯುದ್ಧದ ಸುದ್ದಿ ತಿಳಿಯಲು ಚರಿತ್ರಕಾರರು ಇವತ್ತು ಈ ಕಲ್ಲನ್ನು ಓದುತ್ತಾರೆ. ಆದರೆ ಆತಕೂರಿನವರು ಅದನ್ನು ನಿಲ್ಲಿಸಿದ್ದು ಯುದ್ಧಕ್ಕಲ್ಲ, ನಾಯಿಗೆ. ತಕ್ಕೋಲದ ಸುದ್ದಿ ಕಾಳಿಯ ಹೆಗಲೇರಿ ನಮ್ಮ ವರೆಗೆ ಬಂದಿದೆ. ಗಾಡಿಯನ್ನು ತಾನೇ ಎಳೆಯುತ್ತಿದ್ದೇನೆ ಎಂದುಕೊಂಡ ನಾಯಿಯನ್ನು ನೋಡಿ ನಗುತ್ತೇವಲ್ಲ. ಇಲ್ಲಿ ನಿಜಕ್ಕೂ ಎಳೆದದ್ದು ನಾಯಿಯೇ.

ನಮ್ಮ ಲೆಕ್ಕ

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೊದಲ ಪ್ರಶ್ನೆ ಬಾಕಿ ಇದೆಯಲ್ಲ, ಈ ಹುಚ್ಚು ಯಾಕೆ ಎಂಬುದು.

ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದಾಗ ನಮಗೆ ಕೆಂಚ ಎಂಬ ನಾಯಿ ಇತ್ತು. 2011ರಲ್ಲಿ "ಆರು ತಿಂಗಳ ಪ್ರಾಜೆಕ್ಟು" ಎಂದು ಇಲ್ಲಿಗೆ ಹೊರಟೆವು. ಆರು ತಿಂಗಳ ಪ್ರಾಜೆಕ್ಟುಗಳ ಕಥೆ ನಿಮಗೆಲ್ಲ ಗೊತ್ತು! ಕೆಂಚನನ್ನು ಮದ್ದೂರು ತಾಲೂಕಿನ ಹಳ್ಳಿಗೆ, ಹೆಣ್ಣು ಕೊಟ್ಟ ಮಾವನವರ ಮನೆಗೆ ಬಿಟ್ಟೆವು. "ಅದ್ಕೇನ್ ಬುಡಿ, ನಾವ್ ನೋಡ್ಕತೀವಿ. ನೀವ್ ಹೋಗ್ಬನ್ನಿ" ಎಂದರು ಮಾವ. ಕಾರು ಹೊರಟಾಗ ಕೆಂಚ ಓಡಿ ಬರಲಿಲ್ಲ, ಅಳಲಿಲ್ಲ. ಸಾಯಂಕಾಲಕ್ಕೆ ವಾಪಸು ಬರುತ್ತಾರೆ ಎಂದುಕೊಂಡಿರಬೇಕು.

ಪಟ್ಟಣದ ನಾಯಿ ಹಳ್ಳಿ ಕಲಿಯಿತು. ಕಬ್ಬು ಕಡಿಯುವ ಕಾಲದಲ್ಲಿ ಮಾವನ ಗಾಡಿ ಆಲೆಮನೆಗೆ ಹೋಗುವಾಗ ಕೆಳಗೆ, ಗಾಲಿಗಳ ನಡುವೆ, ಕೆಂಚ ಹೋಗಿ ಬರುತ್ತಿತ್ತಂತೆ. ಇದನ್ನು ನಾವು ಕಣ್ಣಾರೆ ನೋಡಲಿಲ್ಲ. ಭಾನುವಾರ ಭಾನುವಾರ ಫೋನ್ ಮಾಡುತ್ತಿದ್ದೆವು. ಮಳೆ ಕೇಳಿದೆವು, ಹಸು ಕೇಳಿದೆವು, ಅತ್ತೆಯವರ ಮಂಡಿನೋವು ಕೇಳಿದೆವು. ಮೊದಮೊದಲು ಕೆಂಚನನ್ನೂ ಕೇಳುತ್ತಿದ್ದೆವು. ಆಮೇಲೆ ಯಾವಾಗಲೋ ಕೇಳುವುದು ನಿಂತಿತು. ಯಾವಾಗ ಎಂದು ನೆನಪಿಲ್ಲ, ಅದೇ ತಪ್ಪು. 2013ರಲ್ಲಿ ಒಂದು ಭಾನುವಾರ ಏನೋ ಮಾತಿಗೆ ಕೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಮೂರು ವಾರದ ಹಿಂದೆ ಹಾವು ಮುಟ್ಟಿತ್ತಂತೆ. ನಾವು ನೊಂದುಕೊಳ್ಳುತ್ತೇವೆ ಎಂದು ಹೇಳಿರಲಿಲ್ಲ. "ತೆಂಗಿನ್ ಮರದ್ ಬುಡ್ದಾಗೆ ಮಣ್ ಮಾಡಿವ್ನಿ. ನರಿ ಗಿರಿ ಕೆದುಕ್ಬಾರ್ದು ಅಂತ ಮ್ಯಾಲೆ ಒಂದ್ ಚಪ್ಪಡಿ ಹಾಕಿವ್ನಿ."

ಮಾವನವರು ಆತಕೂರಿನ ಶಾಸನ ಓದಿದವರಲ್ಲ. ಆತಗೂರು ಅವರಿಗೆ ಬಸ್ಸು ಹೋಗುವ ಪಕ್ಕದ ಊರು, ಅಷ್ಟೇ. ನಮಗೂ ಅಷ್ಟೇ ಆಗಿತ್ತು. ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದೇವೆ. ಸಾವಿರ ವರ್ಷ ಹಳೆಯ ಆ ನಾಯಿಯ ಬಗ್ಗೆ ತಿಳಿಯಲು ನಾವು ಸಮುದ್ರ ದಾಟಿ, ಕ್ಯಾಮರಾನ್ ಬೆಟ್ಟ ಹತ್ತಿ, ಗುಂಡ ಗಾಡಿಯ ಕೆಳಗೆ ಮಲಗಬೇಕಾಯಿತು.

ಆ ರಾತ್ರಿ ಒಂದು ಕಂಬಳಿ ತಂದು ಗುಂಡನಿಗೆ ಹೊದಿಸಿದೆವು. ಗಾಡಿಯ ಬಾಗಿಲು ಅರ್ಧ ತೆರೆದೇ ಇಟ್ಟು, ಚುಕ್ಕಿಯ ಜೊತೆ ನಾವೂ ಒಳಗೆ ನಡುಗುತ್ತ ಮಲಗಿದೆವು. ಬೆಳಿಗ್ಗೆ ಎದ್ದು ನೋಡಿದರೆ ಕಂಬಳಿ ಬಿಟ್ಟು ಎರಡು ಮೊಳ ಆಚೆ, ಹಾಗೇ ರಸ್ತೆಗೆ ಮುಖ ಮಾಡಿ ಕೂತಿದ್ದ.

ಹಿರಿಯರೆ, ನಿಮ್ಮ ಪ್ರಶ್ನೆಗೆ ಉತ್ತರ ಇದು. ಒಮ್ಮೆ ಬಿಟ್ಟು ಬಂದವರು ನಾವು. ಇನ್ನೊಮ್ಮೆ ಬಿಟ್ಟು ಹೋಗಬಾರದೆಂದು ಮನೆಯನ್ನೇ ಗಾಲಿ ಮೇಲೆ ಇಟ್ಟುಕೊಂಡು ಹೋದೆವು. ಕೆಂಚನ ಲೆಕ್ಕ ಇದರಿಂದ ತೀರಿತು ಎಂದು ನಮಗೇನೂ ಅನ್ನಿಸಿಲ್ಲ.

ಬಳಗದವರಲ್ಲಿ ಒಂದು ಕೋರಿಕೆ. ನಾವೆಲ್ಲ ಊರು ಬಿಟ್ಟು ಬಂದ ಕಥೆ ಬರೆಯುವಾಗ ವಿಮಾನ, ವೀಸಾ, ಸೂಟ್‌ಕೇಸಿನ ತೂಕ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಎಲ್ಲ ಬರೆಯುತ್ತೇವೆ. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರನ್ನು ಬಿಟ್ಟುಬಿಡುತ್ತೇವೆ. ನಿಮ್ಮ ಮನೆಯಲ್ಲಿ ಹಾಗೆ ಉಳಿದ ನಾಯಿಯೋ ಬೆಕ್ಕೋ ಹಸುವೋ ಇದ್ದರೆ, ಹೆಸರು, ಊರು, ವರ್ಷ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಹಾಕೋಣ. ಮೊದಲ ಸಾಲು ನಮ್ಮದು:

ಕೆಂಚ. ಮದ್ದೂರು ತಾಲೂಕು. 2013.